ಒಲೆ ಎಲ್ಲಿ, ನೀರೆಲ್ಲಿ, ಹಿತ್ತಿಲ ಬಾಗಿಲೆಲ್ಲಿ

ಕೋಟೆ ಕಟ್ಟಿದವರ ಚರಿತ್ರೆ ನಮ್ಮ ಶಾಲೆಯ ಪುಸ್ತಕಗಳಲ್ಲಿದೆ. ದೇವಸ್ಥಾನ ಕಟ್ಟಿಸಿದವರ ಚರಿತ್ರೆಯೂ ಇದೆ. ಒಲೆ ಹೂಡಿದವಳ ಚರಿತ್ರೆ ಇಲ್ಲ. ನೀರಿನ ಹರವಿ ಯಾವ ಮೂಲೆಯಲ್ಲಿತ್ತು, ಸೌದೆ ಎಲ್ಲಿ ಒಟ್ಟುತ್ತಿದ್ದರು, ಕಕ್ಕಸಿನ ಬಾಗಿಲು ಯಾವ ದಿಕ್ಕಿಗೆ ತೆರೆಯುತ್ತಿತ್ತು ಅನ್ನುವುದನ್ನು ಯಾವ ಶಾಸನವೂ ಹೇಳುವುದಿಲ್ಲ. ಇವೆಲ್ಲ ಸಣ್ಣ ವಿಚಾರ, ಹೆಂಗಸರ ವಿಚಾರ, ಮನೆಯೊಳಗಿನ ವಿಚಾರ ಅಂತ ಪಂಡಿತರು ಕೈಬಿಟ್ಟರು.

ನಮಗೆ ಇವು ಸಣ್ಣ ವಿಚಾರಗಳಲ್ಲ. ಹೋಟೆಲಿನ ಸೂರಿನಲ್ಲಿ ಸಿಕ್ಕಿಸಿದ್ದ ಬೇರೆ ಲೋಟ, ಗೌಡರ ಕೊಟ್ಟಿಗೆಯ ಗೂಡಿನಲ್ಲಿ ಮಲಗಿದ್ದ ಜೀತದಾಳಿನ ತಟ್ಟೆ, ಬಾವಿಯ ಕಟ್ಟೆಯಿಂದ ಹತ್ತು ಮಾರು ದೂರದಲ್ಲಿ ಕಾದು ಕೂತ ನಮ್ಮ ಅವ್ವಂದಿರ ಬಿಂದಿಗೆ, ಇವೆಲ್ಲ ಒಂದೊಂದು ಕಾನೂನು. ಬರೆದಿಟ್ಟ ಕಾನೂನಿಗಿಂತ ಗಟ್ಟಿಯಾದ ಕಾನೂನು. ಯಾವ ವಸ್ತು ಎಲ್ಲಿರಬೇಕು ಅಂತ ಗೊತ್ತುಮಾಡಿದವನು ಯಾವ ಮನುಷ್ಯ ಎಲ್ಲಿರಬೇಕು ಅನ್ನುವುದನ್ನೂ ಗೊತ್ತುಮಾಡಿದ. ಊರು ಇಲ್ಲಿ, ಕೇರಿ ಅಲ್ಲಿ. ದೇವರ ಕೋಣೆ ಇಲ್ಲಿ, ಅಡಿಗೆಮನೆ ಅದರ ಪಕ್ಕ, ಮುಟ್ಟಾದ ಹೆಂಗಸು ಹೊರಗೆ, ಜಲಗಾರ ಹಿತ್ತಿಲಿನಿಂದಾಚೆ.

ಮನೆಗೆ ಬೇಕಾದ ಸಲಕರಣೆ ಮಾಡುವ ಎಂಜಿನಿಯರುಗಳು ಈ ಜಾಗದ ಲೆಕ್ಕವನ್ನು ನೋಡಿಯೇ ಸಲಕರಣೆ ಮಾಡಿದ್ದಾರೆ. ಆದರೆ ಅವರ ಕಣ್ಣಮುಂದೆ ಇದ್ದದ್ದು ಯಾರ ಮನೆ? ಇದೇ ನಮ್ಮ ಪ್ರಶ್ನೆ. ಕಕ್ಕಸು, ಒಲೆ, ದೀಪ, ನೀರು, ಈ ನಾಲ್ಕನ್ನು ಹಿಡಿದು ಈ ಪ್ರಶ್ನೆಯ ಚರಿತ್ರೆಯನ್ನು ನೋಡೋಣ.

*ಹಿಂದಿನ ಗಲ್ಲಿ*

ಬೆಂಗಳೂರಿನ ಚಾಮರಾಜಪೇಟೆಯನ್ನು 1892ರಲ್ಲಿ ಹೊಸ ಬಡಾವಣೆಯಾಗಿ ಹಾಕಿದರು. 1898ರಲ್ಲಿ ಊರಿಗೆ ಪ್ಲೇಗು ಬಂತು. ಇಲಿ ಬಿದ್ದ ಮನೆಗಳನ್ನು ಬಿಟ್ಟು ಜನ ಓಡಿದರು. ಆಮೇಲೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಅಗಲವಾದ ರಸ್ತೆ, ಗಾಳಿ, ಬೆಳಕು, ಮರ, ಉದ್ಯಾನ. ಈ ಬಡಾವಣೆಗಳ ಸೊಬಗನ್ನು ಹೊಗಳಿ ಬರೆದವರು ಬಹಳ ಮಂದಿ. ಆ ಸೊಬಗಿನ ಬೆನ್ನ ಹಿಂದೆ ಒಂದು ಕಿರಿದಾದ ಗಲ್ಲಿ ಇತ್ತು. ಅದರ ಹೆಸರು ಕನ್ಸರ್ವೆನ್ಸಿ ಲೇನ್. ಈಗಲೂ ಹಳೆಯ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಬೆನ್ನುಗಳ ನಡುವೆ ಆ ಗಲ್ಲಿಗಳನ್ನು ನೋಡಬಹುದು.

ಆ ಗಲ್ಲಿ ಯಾಕೆ ಬೇಕಾಯಿತು? ಮನೆಯ ನಕ್ಷೆ ನೋಡಿದರೆ ತಿಳಿಯುತ್ತದೆ. ಮುಂದೆ ಜಗುಲಿ, ಆಮೇಲೆ ಪಡಸಾಲೆ, ನಡುಮನೆ, ದೇವರ ಕೋಣೆ, ಅಡಿಗೆಮನೆ, ಬಚ್ಚಲು, ಹಿತ್ತಿಲು. ಹಿತ್ತಿಲ ಕೊಟ್ಟಕೊನೆಗೆ, ಗೋಡೆಗೆ ಅಂಟಿಕೊಂಡು ಕಕ್ಕಸು. ಒಣ ಕಕ್ಕಸಿನ ರಚನೆ ಸರಳ. ಮೇಲೆ ಕೂರುವ ಕಲ್ಲು, ಕೆಳಗೆ ಬಕೆಟ್ಟು ಅಥವಾ ಬುಟ್ಟಿ, ಹಿಂದುಗಡೆ ಗಲ್ಲಿಗೆ ತೆರೆಯುವ ಮೊಳದಷ್ಟು ಕಿಂಡಿ. ಮನೆಯವರು ಮುಂದಿನಿಂದ ಬರುತ್ತಾರೆ. ಜಲಗಾರ ಹಿಂದಿನಿಂದ ಬರುತ್ತಾನೆ, ಕಿಂಡಿಯೊಳಗೆ ಕೈಹಾಕಿ ಬಕೆಟ್ಟು ಎಳೆಯುತ್ತಾನೆ, ತುಂಬಿಕೊಂಡು ಹೋಗುತ್ತಾನೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವ ಪ್ರಮೇಯವೇ ಇಲ್ಲ. ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಬಂದವರಲ್ಲಿ ತೆಲುಗು ಮಾತಾಡುವ ಮಾದಿಗರೇ ಹೆಚ್ಚು. ಅವರ ಊರಿನ ಹೊಲ, ಬರ, ಸಾಲ ಅವರನ್ನು ಇಲ್ಲಿಗೆ ತಳ್ಳಿತು. ಬೆಂಗಳೂರು ಅವರಿಗೆ ಗಲ್ಲಿಯನ್ನು ತೋರಿಸಿತು.

ಗಮನಿಸಿ ಗೆಳೆಯರೇ, ಇದು ಬಹಳ ಜಾಣತನದ ಎಂಜಿನಿಯರಿಂಗ್. ಕಿಂಡಿಯ ಎತ್ತರ, ಗಲ್ಲಿಯ ಅಗಲ, ಕಕ್ಕಸಿನ ಸ್ಥಾನ, ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿವೆ. ಆರೋಗ್ಯ ಇಲಾಖೆಯ ಮಾತಿನಲ್ಲಿ ಇದು ನೈರ್ಮಲ್ಯ. ಹಳ್ಳಿಯಲ್ಲಿ ಊರು ಮತ್ತು ಕೇರಿ ಅಂತ ಇದ್ದದ್ದನ್ನು ಒಂದೊಂದು ನಿವೇಶನದೊಳಕ್ಕೂ ಮಡಿಸಿ ಇಟ್ಟದ್ದು ಅಂತ ನಾವು ಹೇಳುತ್ತೇವೆ. ಮಡಿ ಮುಂದಿನ ಬಾಗಿಲಿನಲ್ಲಿ, ಮೈಲಿಗೆ ಹಿಂದಿನ ಕಿಂಡಿಯಲ್ಲಿ. ಮಧ್ಯದ ನಲವತ್ತು ಐವತ್ತು ಅಡಿಯೇ ಮನುಧರ್ಮ.

ಬೆಂಗಳೂರಿನಲ್ಲಿ ಒಳಚರಂಡಿ ಕೆಲಸ 1922ರಲ್ಲಿ ಶುರುವಾಯಿತು. ಚರಂಡಿ ಬಂದ ಕಡೆ ಕಕ್ಕಸಿನ ಜಾಗವೂ ಬದಲಾಯಿತು. ಹಿತ್ತಿಲ ಕೊನೆಯಿಂದ ಬಚ್ಚಲ ಪಕ್ಕಕ್ಕೆ ಬಂತು, ಬಚ್ಚಲ ಪಕ್ಕದಿಂದ ಮಲಗುವ ಕೋಣೆಗೇ ಬಂತು. ಇಂದು ಅದಕ್ಕೆ ‘ಅಟ್ಯಾಚ್ಡ್’ ಅನ್ನುತ್ತಾರೆ, ಬಾಡಿಗೆ ಹೆಚ್ಚು ಕೇಳುತ್ತಾರೆ. ಮೈಲಿಗೆಯ ವಸ್ತು ಮನೆಯೊಳಕ್ಕೆ ಬಂದಾಗ ಯಾವ ಆಕಾಶವೂ ಬೀಳಲಿಲ್ಲ. ಮಡಿ ಅನ್ನುವುದು ಪೈಪು ಬಂದ ದಿನವೇ ಕರಗಿಹೋಯಿತು. ಆದರೆ ಅದನ್ನು ಸಾಗಿಸುವ ಮನುಷ್ಯ ಮಾತ್ರ ಒಳಕ್ಕೆ ಬರಲಿಲ್ಲ. ಅವನು ಗಲ್ಲಿಯಿಂದ ಮ್ಯಾನ್‌ಹೋಲಿಗೆ ಇಳಿದ.

ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದ ಮೊದಲ ವರ್ಷಗಳಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 1973ರಲ್ಲಿ ಬೂಸಾ ಅಂದದ್ದಕ್ಕೆ ಬೆಂಕಿ ಹಚ್ಚಿದವರು ಈ ಮಾತನ್ನು ಅಷ್ಟಾಗಿ ನೆನಪಿಟ್ಟುಕೊಳ್ಳಲಿಲ್ಲ. ಒಣ ಕಕ್ಕಸು ಕಟ್ಟುವುದನ್ನೂ ಅದಕ್ಕೆ ಜನರನ್ನು ಹಚ್ಚುವುದನ್ನೂ ನಿಷೇಧಿಸುವ ಕಾನೂನನ್ನು ಸಂಸತ್ತು 1993ರಲ್ಲಿ ಮಾಡಿತು. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿಗಳು ಪುರಸಭೆಯ ಮುಂದೆ ಮಲವನ್ನು ಮೈಮೇಲೆ ಸುರಿದುಕೊಂಡರು. ವಾಸದ ಜಾಗಕ್ಕಾಗಿ, ನೀರಿಗಾಗಿ, ಮರ್ಯಾದೆಯ ಕೆಲಸಕ್ಕಾಗಿ. ಹದಿನೇಳು ವರ್ಷದ ಹಳೆಯ ಕಾನೂನು ಆ ದಿನ ಎಲ್ಲಿತ್ತು? 2013ರಲ್ಲಿ ಇನ್ನೊಂದು ಕಾನೂನು ಬಂತು. 2014ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು, 1993ರಿಂದೀಚೆಗೆ ಚರಂಡಿಗಿಳಿದು ಸತ್ತವರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಕೊಡಿ ಅಂತ ತೀರ್ಪು ಕೊಟ್ಟಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರುತ್ತಿದೆ ಅಂದರೆ ಸಾವು ನಿಂತಿಲ್ಲ ಅಂತಲೇ ಅರ್ಥ.

ಹಳ್ಳಿಯ ಕಡೆ ನೋಡಿ. 2014ರ ಅಕ್ಟೋಬರ್ 2ರಂದು ಶುರುವಾದ ಸ್ವಚ್ಛ ಭಾರತದಲ್ಲಿ ಎರಡು ಗುಂಡಿಯ ಕಕ್ಕಸನ್ನು ಹೆಚ್ಚಾಗಿ ಸೂಚಿಸಿದರು. ಒಂದು ಗುಂಡಿ ತುಂಬಿದರೆ ಇನ್ನೊಂದಕ್ಕೆ ತಿರುಗಿಸುವುದು. ತುಂಬಿದ್ದನ್ನು ಒಂದೆರಡು ವರ್ಷ ಮುಚ್ಚಿಟ್ಟರೆ ಅದು ಮಣ್ಣಾಗುತ್ತದೆ, ನಾತವಿಲ್ಲದ ಗೊಬ್ಬರವಾಗುತ್ತದೆ. ಆಗ ಮನೆಯವರೇ ಗುದ್ದಲಿ ಹಿಡಿದು ತೆಗೆದು ಹೊಲಕ್ಕೆ ಹಾಕಬಹುದು. ಜಲಗಾರನೇ ಬೇಡದ ಕಕ್ಕಸು ಇದು. ತಂತ್ರದ ಮಟ್ಟಿಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಆದರೆ ಉತ್ತರ ಭಾರತದ ಹಳ್ಳಿಗಳಲ್ಲಿ ಅಧ್ಯಯನ ಮಾಡಿ 2017ರಲ್ಲಿ ಪುಸ್ತಕ ಬರೆದ ಡಯೇನ್ ಕಾಫೀ ಮತ್ತು ಡೀನ್ ಸ್ಪಿಯರ್ಸ್ ಕಂಡದ್ದೇನು? ಜನ ಆ ಸಣ್ಣ ಗುಂಡಿಯನ್ನು ಒಪ್ಪುವುದಿಲ್ಲ. ಕಟ್ಟಿದರೆ ಕೋಣೆಯಷ್ಟು ದೊಡ್ಡ ಗುಂಡಿ ಬೇಕು, ತಲೆಮಾರು ಕಳೆದರೂ ತುಂಬಬಾರದು. ಯಾಕೆಂದರೆ ಗುಂಡಿ ತೆಗೆಯುವುದು ‘ಅವರ’ ಕೆಲಸ. ‘ಅವರು’ ಈಗ ಬರುತ್ತಿಲ್ಲ. ತಾವು ಮುಟ್ಟುವುದಿಲ್ಲ. ಗುಂಡಿಯ ಅಳತೆಯನ್ನು ನೀರು ಇಂಗುವ ಲೆಕ್ಕದಲ್ಲಿ ಎಂಜಿನಿಯರು ಗೊತ್ತುಮಾಡಿದ. ಜಾತಿ ತನ್ನ ಲೆಕ್ಕದಲ್ಲಿ ಅದನ್ನು ತಿದ್ದಿತು.

*ಹೆಜ್ಜೆ ಎಣಿಸಿದವರು*

ಮನೆಯಲ್ಲಿ ವಸ್ತುಗಳ ಜಾಗವನ್ನು ಅಳೆದು ವಿಜ್ಞಾನ ಮಾಡಿದವರಲ್ಲಿ ಒಂದು ಹೆಸರು ಹೇಳಲೇಬೇಕು. ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶುಟ್ಟೆ-ಲಿಹೋಟ್ಸ್ಕಿ. ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಕಾರ್ಮಿಕರಿಗಾಗಿ ಮನೆ ಕಟ್ಟುವಾಗ 1926ರಲ್ಲಿ ಆಕೆ ಒಂದು ಅಡಿಗೆಮನೆ ರಚಿಸಿದರು. ಅಗಲ 1.9 ಮೀಟರ್, ಉದ್ದ 3.4 ಮೀಟರ್. ರೈಲಿನ ಊಟದ ಡಬ್ಬಿಯ ಇಕ್ಕಟ್ಟಾದ ಅಡಿಗೆಮನೆಯನ್ನು ನೋಡಿ ಕಲಿತರು. ಗಡಿಯಾರ ಹಿಡಿದು ಹೆಂಗಸಿನ ಒಂದೊಂದು ಕೆಲಸವನ್ನೂ ಅಳೆದು, ಒಲೆ, ತೊಟ್ಟಿ, ಹಿಟ್ಟಿನ ಡಬ್ಬಿ ಎಲ್ಲಿರಬೇಕು ಅಂತ ಗೊತ್ತುಮಾಡಿದರು. ಅಂಥ ಅಡಿಗೆಮನೆಗಳು ಸುಮಾರು ಹತ್ತು ಸಾವಿರ ಆದವು. ಆಕೆ ಮುಂದೆ ನಾಜಿಗಳ ವಿರುದ್ಧ ನಿಂತು 1941ರಲ್ಲಿ ಬಂಧನಕ್ಕೊಳಗಾಗಿ 1945ರವರೆಗೆ ಸೆರೆಯಲ್ಲಿದ್ದರು. ಹೆಂಗಸಿನ ಹೆಜ್ಜೆಗೂ ಬೆಲೆಯಿದೆ ಅಂದ ಮನಸ್ಸೇ ಮನುಷ್ಯನ ಬಿಡುಗಡೆಗೂ ದುಡಿಯಿತು. ಅದನ್ನು ನಾವು ಗೌರವಿಸುತ್ತೇವೆ.

ಆದರೆ ನಮ್ಮ ಕೇರಿಯ ಹೆಂಗಸಿನ ಹೆಜ್ಜೆಯನ್ನು ಅಡಿಗೆಮನೆಯೊಳಗೆ ಎಣಿಸಿದರೆ ಏನು ಸಿಗುತ್ತದೆ? ಅವಳಿಗೆ ಅಡಿಗೆಮನೆಯೇ ಇಲ್ಲ. ಒಂದೇ ಅಂಕಣ. ಕೂತಲ್ಲಿಂದ ಏಳದೆಯೇ ಒಲೆ, ಹರವಿ, ಮಡಕೆ ಎಲ್ಲವೂ ಕೈಗೆ ಸಿಗುತ್ತವೆ. ಅವಳ ಹೆಜ್ಜೆಗಳು ಮನೆಯ ಹೊರಗಿವೆ.

ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಅನ್ನುವ ಹಳ್ಳಿಯಲ್ಲಿ ಆ ಹೆಜ್ಜೆಗಳನ್ನು ಎಣಿಸಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಅನ್ನುವ ವಿಭಾಗ ಹುಟ್ಟಿತು. ವಿಜ್ಞಾನ ತಂತ್ರಜ್ಞಾನವನ್ನು ಹಳ್ಳಿಗಾಡಿಗೆ ಅನ್ವಯಿಸಬೇಕು ಅನ್ನುವುದು ಅದರ ಉದ್ದೇಶ. ಎ.ಕೆ.ಎನ್. ರೆಡ್ಡಿಯವರು ಅದರ ಮುಂದಾಳು. ಅವರ ತಂಡ ಕುಣಿಗಲ್ ತಾಲ್ಲೂಕಿನ ಉಂಗ್ರ ಮತ್ತು ಸುತ್ತಲ ಹಳ್ಳಿಗಳಲ್ಲಿ, ಯಾರು ಯಾವ ಕೆಲಸಕ್ಕೆ ಎಷ್ಟು ಹೊತ್ತು, ಎಷ್ಟು ಸೌದೆ, ಎಷ್ಟು ಮೈಶಕ್ತಿ ಸುರಿಯುತ್ತಾರೆ ಅಂತ ಮನೆಮನೆಗೆ ಹೋಗಿ ಲೆಕ್ಕ ಹಾಕಿತು. ಪುರದಲ್ಲಿ ಸೌದೆ ತರಲಿಕ್ಕೆ ಒಂದು ಮನೆಗೆ ದಿನಕ್ಕೆ ಸುಮಾರು 2.6 ಗಂಟೆ, 4.8 ಕಿಲೋಮೀಟರು ನಡಿಗೆ. ನೀರಿಗೆ ಸುಮಾರು 1.5 ಗಂಟೆ, 1.6 ಕಿಲೋಮೀಟರು. ಅಡಿಗೆಗೆ ಸುಮಾರು 3 ಗಂಟೆ. ಇದರಲ್ಲಿ ಹೆಚ್ಚಿನ ಪಾಲು ಹೆಂಗಸರದು, ಮಕ್ಕಳದು.

ಅಂದರೆ ನಮ್ಮ ಅಡಿಗೆಮನೆಯ ಉದ್ದ 3.4 ಮೀಟರಲ್ಲ, ಐದಾರು ಕಿಲೋಮೀಟರು. ಒಲೆ ಗುಡಿಸಲಿನಲ್ಲಿ, ಸೌದೆ ಗುಡ್ಡದಲ್ಲಿ, ನೀರು ಇನ್ನೊಬ್ಬರ ಬಾವಿಯಲ್ಲಿ. ಪುರದ ಅಂಕಿ ಒಂದು ಹಳ್ಳಿಯ ಸರಾಸರಿ. ಬದುವಿನ ಮರ ಇದ್ದವರಿಗೂ ಇಲ್ಲದವರಿಗೂ ಹೆಜ್ಜೆ ಒಂದೇ ಅಲ್ಲ. ಭೂಮಿ ಇಲ್ಲದವಳಿಗೆ ಬದುವಿಲ್ಲ, ಬದುವಿಲ್ಲದವಳಿಗೆ ಪುಳ್ಳೆ ಆರಿಸಲೂ ಅಪ್ಪಣೆ ಬೇಕು.

*ಒಲೆಯ ಸುತ್ತ*

ಕೇರಿಯ ಒಲೆ ಏನೇನು ಮಾಡುತ್ತದೆ ನೋಡಿ. ಮುದ್ದೆ ಬೇಯುತ್ತದೆ, ಸಾರು ಕುದಿಯುತ್ತದೆ. ಮಳೆಗಾಲದಲ್ಲಿ ಅದರ ಪಕ್ಕ ಮಕ್ಕಳು ಮಲಗುತ್ತಾರೆ, ಬಾಣಂತಿ ಬೆನ್ನು ಕಾಸಿಕೊಳ್ಳುತ್ತಾಳೆ. ಮೇಲೆ ಅಟ್ಟದಲ್ಲಿ ಬಿತ್ತನೆಗಿಟ್ಟ ರಾಗಿ, ನೆಲುವಿನಲ್ಲಿ ಮೆಣಸಿನಕಾಯಿ, ದಾರಕ್ಕೆ ಪೋಣಿಸಿ ಒಣಹಾಕಿದ ಬಾಡು. ಹೊಗೆ ತಾಗಿದ್ದಕ್ಕೆ ಹುಳು ಬೀಳದು. ಹೊಗೆ ಸೂರಿನ ಹುಲ್ಲನ್ನೂ ಕಾಯುತ್ತದೆ, ಸೊಳ್ಳೆಯನ್ನೂ ಓಡಿಸುತ್ತದೆ. ಅದೇ ಹೊಗೆ ಊದುಕೊಳವೆ ಹಿಡಿದವಳ ಕಣ್ಣನ್ನೂ ಎದೆಯನ್ನೂ ತಿನ್ನುತ್ತದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಯುದ್ಧದಲ್ಲಿ ಇಷ್ಟು ಜನ ಸತ್ತಿದ್ದರೆ ಪತ್ರಿಕೆಗಳ ತುಂಬ ಅದೇ ಇರುತ್ತಿತ್ತು. ಒಲೆಯ ಮುಂದೆ ಸತ್ತದ್ದರಿಂದ ಅದು ಸುದ್ದಿಯಲ್ಲ.

ಹೊಗೆಯಿಲ್ಲದ ಒಲೆಯ ಚರಿತ್ರೆ ಹಳೆಯದು. ವಾರ್ಧಾದ ಮಗನ್‌ವಾಡಿಯಲ್ಲಿ ಮಗನ್ ಚೂಲಾ ಮಾಡಿದರು. ಹೈದರಾಬಾದಿನ ಎಂಜಿನಿಯರಿಂಗ್ ಸಂಶೋಧನಾಲಯದ ಎಸ್.ಪಿ. ರಾಜು 1953ರಲ್ಲಿ ಕೋಟ್ಯಂತರ ಜನರ ಅಡಿಗೆಮನೆಯಿಂದ ಹೊಗೆ ಕಳೆಯುವುದು ಹೇಗೆ ಅಂತ ಪುಸ್ತಕವನ್ನೇ ಬರೆದರು. 1980ರ ದಶಕದ ಹೊತ್ತಿಗೆ ‘ಅಸ್ತ್ರ ಒಲೆ’ ಬಂತು. ಮಣ್ಣು, ಇಟ್ಟಿಗೆಯ ಒಲೆ. ಸೌದೆ ಉರಿಯುವ ಗೂಡಿಗೆ ಕಬ್ಬಿಣದ ಜಾಲರಿ, ಬಾಯಿಗೆ ಮುಚ್ಚಳ, ಬೇಕಾದಷ್ಟೇ ಗಾಳಿ. ಬಿಸಿಗಾಳಿ ಮೊದಲ ಪಾತ್ರೆಯ ಕೆಳಗಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಹರಿದು ಕೊನೆಗೆ ಹೊಗೆಕೊಳವೆಯಿಂದ ಆಚೆ ಹೋಗುತ್ತದೆ. ಹಳೆಯ ಒಲೆಯಲ್ಲಿ ಸೌದೆಯ ಶಾಖದಲ್ಲಿ ನೂರಕ್ಕೆ ಹತ್ತರ ಆಸುಪಾಸು ಪಾತ್ರೆಗೆ ಸೇರುತ್ತಿತ್ತು. ಇದರಲ್ಲಿ ಪರೀಕ್ಷೆ ಮಾಡಿದಾಗ ನಲವತ್ತರವರೆಗೂ ಸೇರಿತು. ಗುಡ್ಡಕ್ಕೆ ನಡೆಯುವ ಹೆಜ್ಜೆಗಳಲ್ಲಿ ಅರ್ಧ ಉಳಿಸುವ ವಿದ್ಯೆ ಇದು. ಇದನ್ನು ಮಾಡಿದ ವಿಜ್ಞಾನಿಗಳು ಹಳ್ಳಿಯಲ್ಲಿ ಕೂತು ಕಲಿತವರು. ಅವರ ಶ್ರಮವನ್ನು ನಾವು ಹಗುರ ಮಾಡುವುದಿಲ್ಲ.

ಆದರೂ ಒಂದು ಅಂಕಣದ ಮನೆಯಲ್ಲಿ ಈ ಒಲೆಯನ್ನು ಇಡುವುದು ಎಲ್ಲಿ? ಮೂರು ಪಾತ್ರೆಯ ಒಲೆ ಒಂದು ಹಾಸಿಗೆಯಷ್ಟು ಜಾಗ ತಿನ್ನುತ್ತದೆ. ಮನೆಯಲ್ಲಿ ಎರಡೇ ಪಾತ್ರೆ ಇದ್ದರೆ ಮೂರನೆಯ ಕಣ್ಣು ಬರಿದಾಗಿ ಅಲ್ಲಿಂದಲೇ ಹೊಗೆ ಬರುತ್ತದೆ. ಕಣ್ಣಿನ ಅಳತೆಗೆ ಪಾತ್ರೆ ಕೂರಬೇಕು. ಒಂದು ಪಾತ್ರೆ ಒಡೆದರೆ ಅದೇ ಅಳತೆಯದು ಸಂತೆಯಲ್ಲಿ ಸಿಗಬೇಕು. ಕೋಲು ಹಾಕಿ ಮುದ್ದೆ ತೊಳಸುವ ರಭಸಕ್ಕೆ ಮಣ್ಣಿನ ಅಂಚು ತಾಳಬೇಕು. ಸೌದೆಯನ್ನು ಸಣ್ಣಗೆ ಸೀಳಬೇಕು, ಸೀಳಲು ಕೊಡಲಿ ಬೇಕು, ತೋಳು ಬೇಕು. ನಮಗೆ ಸಿಗುವುದು ಮುಳ್ಳುಕಡ್ಡಿ, ತರಗು, ಬೆರಣಿ. ಬೇಸಿಗೆಯಲ್ಲಿ ಒಲೆಯನ್ನು ಹೊರಗೆ ಹೂಡುವವರಿಗೆ ಗೋಡೆಗೆ ಅಂಟಿದ ಒಲೆ ಏನು ಮಾಡೀತು? ಎಲ್ಲಕ್ಕಿಂತ ಮುಖ್ಯ, ಹೊಗೆಕೊಳವೆ ಹೆಂಚಿನ ಮಾಡಿಗಾದರೆ ಸರಿ, ಹುಲ್ಲಿನ ಸೂರಿಗೆ ತೂರಿಸಿದರೆ ಕಿಡಿ ಹಾರುತ್ತದೆ. ಒಂದು ಗುಡಿಸಲು ಹತ್ತಿದರೆ ಇಡೀ ಕೇರಿ ಹತ್ತುತ್ತದೆ.

ಬೇರೆ ಅಡಿಗೆಮನೆ, ಗಟ್ಟಿ ಗೋಡೆ, ಹೆಂಚಿನ ಮಾಡು, ಬದುವಿನ ಸೌದೆ ಇದ್ದವರಿಗೆ ಒಲೆ ಒಗ್ಗಿತು. ಅವು ಯಾವುದೂ ಇಲ್ಲದವರಿಗೆ ಒಗ್ಗಲಿಲ್ಲ. ಒಲೆಯ ತಪ್ಪೇ? ಅಲ್ಲ. ಒಲೆ ಬರುವ ಮೊದಲು ಮನೆ ಬರಬೇಕಾಗಿತ್ತು, ಮನೆ ಬರುವ ಮೊದಲು ಭೂಮಿ ಬರಬೇಕಾಗಿತ್ತು.

ಕೇಂದ್ರ ಸರ್ಕಾರ 1983ರಲ್ಲಿ ಸುಧಾರಿತ ಒಲೆಯ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿತು. 2002ರಲ್ಲಿ ನಿಲ್ಲಿಸಿತು. ನಡುವೆ ಮೂರು ಕೋಟಿಗೂ ಮೀರಿ ಒಲೆಗಳ ಲೆಕ್ಕ ಬರೆದಿದೆ. ಗುರಿ, ಸಹಾಯಧನ, ಪಟ್ಟಿ, ಸಹಿ. ಒಲೆ ಒಡೆದರೆ ಕಟ್ಟಿಕೊಡುವವನು ಮಾತ್ರ ಕಾಗದದಲ್ಲಿರಲಿಲ್ಲ. ಆಮೇಲೆ 2016ರ ಮೇ 1ರಂದು ಉಜ್ವಲಾ ಬಂತು, ಹೆಂಗಸಿನ ಹೆಸರಿಗೆ ಗ್ಯಾಸ್ ಸಂಪರ್ಕ. ಒಳ್ಳೆಯದೇ. 2019ರ ಸೆಪ್ಟೆಂಬರಿಗೆ ಎಂಟು ಕೋಟಿ ಸಂಪರ್ಕ ಕೊಟ್ಟಾಯಿತು. ಅದೇ ವರ್ಷ ಸಿಎಜಿ ವರದಿ ಹೇಳಿತು: ಈ ಮನೆಗಳು ವರ್ಷಕ್ಕೆ ಸರಾಸರಿ ಮೂರು ಚಿಲ್ಲರೆ ಸಿಲಿಂಡರನ್ನಷ್ಟೇ ತುಂಬಿಸುತ್ತಿವೆ. ಕೂಲಿಯ ಹಣ ದಿನದಿನಕ್ಕೆ ಬರುತ್ತದೆ. ಸಿಲಿಂಡರಿನ ಹಣ ಒಂದೇ ಸಲಕ್ಕೆ ಬೇಕು. ಇನ್ನು ಜಾಗದ ಮಾತು. ಗ್ಯಾಸಿನ ಒಲೆ ಸಿಲಿಂಡರಿಗಿಂತ ಎತ್ತರದ ಕಟ್ಟೆಯ ಮೇಲಿರಬೇಕು ಅನ್ನುತ್ತದೆ ಸುರಕ್ಷತೆಯ ನಿಯಮ. ಕಟ್ಟೆ ಎಲ್ಲಿದೆ? ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಮುದ್ದೆ ತೊಳಸುವವಳಿಗೆ ನಿಂತು ಅಡಿಗೆ ಮಾಡುವ ಒಲೆ ಕೊಟ್ಟರು. ಅದು ಗೋಡೆಯ ಪಕ್ಕ ಕಾಫಿಗೆ, ನೆಂಟರಿಗೆ ಅಂತ ನಿಂತಿದೆ. ಮೂರು ಕಲ್ಲಿನ ಒಲೆ ಇನ್ನೂ ಉರಿಯುತ್ತಿದೆ.

ಸರ್ಕಾರಿ ಮನೆಯ ಅಳತೆ ಗೊತ್ತೇ? 1985-86ರಲ್ಲಿ ಪರಿಶಿಷ್ಟರಿಗೆ, ಬಿಡುಗಡೆಯಾದ ಜೀತಗಾರರಿಗೆ ಅಂತ ಶುರುವಾದ ಇಂದಿರಾ ಆವಾಸ್ ಮನೆಯ ಅಳತೆ ಕೊನೆಕೊನೆಗೂ 20 ಚದರ ಮೀಟರೇ ಇತ್ತು. 2016ರ ಹೊಸ ಯೋಜನೆಯಲ್ಲಿ ಅದು 25 ಆಯಿತು, ಅಡಿಗೆಯ ಜಾಗವೂ ಸೇರಿ. ಮೂವತ್ತು ವರ್ಷಕ್ಕೆ ಐದು ಚದರ ಮೀಟರು. ನಾವು ಸಾವಿರಾರು ವರ್ಷದ ಬಾಕಿ ಕೇಳುತ್ತಿದ್ದೇವೆ.

*ಒಂದು ಬಲ್ಬು, ಒಂದು ನಲ್ಲಿ*

ನಮ್ಮ ರಾಜ್ಯದ ಭಾಗ್ಯಜ್ಯೋತಿ ಯೋಜನೆ ಬಡವನ ಮನೆಗೆ ಒಂದು ಬಲ್ಬು ಕೊಟ್ಟಿತು. ಒಂದೇ. ಅದನ್ನು ಎಲ್ಲಿ ತೂಗುಹಾಕುವುದು? ಒಲೆಯ ಮೇಲೆ ಹಾಕಿದರೆ ಮಗುವಿನ ಪುಸ್ತಕಕ್ಕೆ ಕತ್ತಲೆ. ಪುಸ್ತಕದ ಮೇಲೆ ಹಾಕಿದರೆ ಅವ್ವನ ಒಲೆಗೆ ಕತ್ತಲೆ. ನಡುಗೋಡೆಗೆ ತೂತು ಕೊರೆದು ಅದರೊಳಗೆ ಬಲ್ಬು ಕೂರಿಸಿ ಆಚೆಗೂ ಈಚೆಗೂ ಬೆಳಕು ಹಂಚಿದರು ನಮ್ಮ ಜನ. ಯಾವ ಎಂಜಿನಿಯರಿಂಗ್ ಕಾಲೇಜಿನಲ್ಲೂ ಕಲಿಯದ ವಿದ್ಯೆ ಅದು. ಬೆಳಕು ಸಾಲದಿದ್ದಾಗ ಅದರ ಜಾಗವನ್ನು ಬಡವರು ಕಂಡುಹಿಡಿದರು.

ನೀರಿನ ಮಾತು ಇನ್ನೂ ಆಳದ್ದು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದರು. ನೀರು ಎಲ್ಲಿದೆ, ಅದರ ದಂಡೆ ಯಾರದು ಅನ್ನುವುದೇ ಜಾತಿಯ ಬೇರು ಅಂತ ಅವರು ತೋರಿಸಿದರು. 2019ರ ಆಗಸ್ಟ್ 15ರಂದು ಮನೆಮನೆಗೆ ನಲ್ಲಿ ಕೊಡುವ ಯೋಜನೆ ಘೋಷಣೆಯಾಯಿತು. ಕೇರಿಯ ಮನೆಯೊಳಗೆ ನಲ್ಲಿ ಬಂದರೆ ಊರಬಾವಿಯ ಕಟ್ಟೆಯ ದರ್ಪ ಅಷ್ಟರಮಟ್ಟಿಗೆ ಮುರಿಯಿತು. ಪುರದ ಚರಿತ್ರೆ ಇಲ್ಲೂ ಪಾಠ ಹೇಳುತ್ತದೆ. ಅಲ್ಲಿ 1987ರಲ್ಲಿ ಸಗಣಿಯ ಅನಿಲದಿಂದ ಎಂಜಿನ್ ಓಡಿಸಿ, ಕೊಳವೆಬಾವಿಯ ನೀರನ್ನು ನಲ್ಲಿಗೆ, ವಿದ್ಯುತ್ತನ್ನು ದೀಪಕ್ಕೆ ಕೊಟ್ಟರು. ನೀರು ಮನೆಯ ಹತ್ತಿರ ಬಂದ ದಿನ ಹೆಂಗಸಿನ ಕಾಲಿಗೆ ರಜೆ ಸಿಕ್ಕಿತು.

ಆದರೆ ನಲ್ಲಿಯ ತುದಿ ಕೇರಿಯಲ್ಲಿದ್ದರೂ ತೊಂಬೆ ಎಲ್ಲಿದೆ, ವಾಲ್ವು ಯಾರ ಕೈಲಿದೆ? 2022ರ ನವೆಂಬರಿನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರದಲ್ಲಿ ದಲಿತ ಹೆಣ್ಣುಮಗಳೊಬ್ಬಳು ನೀರು ಕುಡಿದಳು ಅಂತ ತೊಂಬೆಯ ನೀರನ್ನೆಲ್ಲ ಚೆಲ್ಲಿ ಗಂಜಲದಿಂದ ತೊಳೆದರು ಅನ್ನುವ ದೂರು ದಾಖಲಾಯಿತು. ಮರುತಿಂಗಳು ತಮಿಳುನಾಡಿನ ವೇಂಗೈವಯಲಿನಲ್ಲಿ ದಲಿತರ ಕೇರಿಗೆ ನೀರು ಕೊಡುವ ತೊಟ್ಟಿಯಲ್ಲಿ ಮಲ ಸಿಕ್ಕಿತು. ಮಹಾಡದಿಂದ ತೊಂಬತ್ತೈದು ವರ್ಷ. ಪೈಪು ಹೊಸದು, ಕೈ ಹಳೆಯದು.

*ಅಳೆಯುವ ಕೆಲಸ*

ಮನೆಯ ವಸ್ತುವಿನ ಜಾಗವನ್ನು ನೋಡದೆ ಮಾಡಿದ ಸಲಕರಣೆ ಮೂಲೆ ಸೇರುತ್ತದೆ. ಇದು ಎಂಜಿನಿಯರುಗಳಿಗೆ ಗೊತ್ತು. ಆ ಜಾಗ ಹೇಗೆ ಬಂತು ಅಂತ ಕೇಳದೆ ಮಾಡಿದ ಸಲಕರಣೆ, ಕನ್ಸರ್ವೆನ್ಸಿ ಗಲ್ಲಿಯ ಕಿಂಡಿಯ ಹಾಗೆ, ಇರುವ ಅನ್ಯಾಯಕ್ಕೆ ಸಿಮೆಂಟು ಹಾಕುತ್ತದೆ. ಇದನ್ನು ನಾವು ಅವರಿಗೆ ಹೇಳಬೇಕಾಗಿದೆ. ಹೇಳಲಿಕ್ಕೆ ನಮ್ಮ ಕೈಯಲ್ಲಿ ಅಳತೆ ಇರಬೇಕು.

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು. ಮಕ್ಕಳಿಂದ ತಾಜಮಹಲಿನ ಚಿತ್ರ ಬರೆಸಿದ್ದು ಸಾಕು. ಅವರವರ ಮನೆಯ ನಕ್ಷೆ ಬರೆಸಿ. ಒಲೆ ಎಲ್ಲಿ, ನೀರೆಲ್ಲಿ, ಸೌದೆ ಎಷ್ಟು ದೂರ, ಕಕ್ಕಸು ಇದೆಯೇ, ಅದರ ಗುಂಡಿ ತುಂಬಿದರೆ ಯಾರು ತೆಗೆಯುತ್ತಾರೆ, ಬಲ್ಬು ಯಾರ ತಲೆಯ ಮೇಲಿದೆ. ಊರಿನ ಮಗುವಿನ ನಕ್ಷೆಯನ್ನೂ ಕೇರಿಯ ಮಗುವಿನ ನಕ್ಷೆಯನ್ನೂ ಒಂದೇ ಗೋಡೆಗೆ ಅಂಟಿಸಿ. ಯಾವ ಭಾಷಣವೂ ಬೇಡ, ಮಕ್ಕಳೇ ಓದಿಕೊಳ್ಳುತ್ತಾರೆ. ಎಂಜಿನಿಯರಿಂಗ್ ಓದುವ ನಮ್ಮ ಹುಡುಗ ಹುಡುಗಿಯರು ರಜೆಗೆ ಬಂದಾಗ ತಮ್ಮ ಅವ್ವನ ಹೆಜ್ಜೆಯನ್ನು ಒಂದು ದಿನ, ಬೆಳಗಿನ ಜಾವದಿಂದ ರಾತ್ರಿ ಒಲೆ ಆರುವವರೆಗೆ, ಎಣಿಸಿ ಬರೆಯಲಿ. ಸಂಘಟನೆಯ ಗೆಳೆಯರು ಪಂಚಾಯ್ತಿಯಲ್ಲಿ ಮನೆಯ ಪಟ್ಟಿ ಓದುವ ದಿನ, ಮನೆ ಎಷ್ಟು ಅಂತ ಮಾತ್ರ ಕೇಳಿ ಸುಮ್ಮನಾಗದಿರಲಿ. ಅಡಿಗೆಯ ಕಟ್ಟೆ ಎಲ್ಲಿ, ನಲ್ಲಿ ಎಲ್ಲಿ, ನೀರು ಬಿಡುವ ವಾಲ್ವಿನ ಕೀಲಿ ಯಾರ ಬಳಿ ಅಂತಲೂ ಕೇಳಲಿ.

ಒಲೆಯ ಜಾಗ ಗೊತ್ತುಮಾಡುವಾಗ ಒಲೆಯ ಮುಂದೆ ಕೂರುವವಳು ಆ ಸಭೆಯಲ್ಲಿ ಇರಬೇಕು. ಕಕ್ಕಸಿನ ಗುಂಡಿಯ ಅಳತೆ ಗೊತ್ತುಮಾಡುವಾಗ ಇದುವರೆಗೆ ಅದನ್ನು ತೋಡಿದವನು ಇರಬೇಕು. ಅವರು ಮಾತಾಡಿದ ಮೇಲೆ ನಕ್ಷೆ ಬರೆಯಲಿ. ಅಲ್ಲಿಯವರೆಗೆ ಯಾರಾದರೂ ಹೊಸ ಒಲೆ, ಹೊಸ ನಲ್ಲಿ, ಹೊಸ ಮನೆ ಅಂತ ಕೇರಿಗೆ ಬಂದರೆ ನಾವು ಕೇಳುವ ಮೊದಲ ಮಾತು ಇದೇ: ಎಲ್ಲಿಡುತ್ತೀರಿ, ಯಾರನ್ನು ಕೇಳಿದಿರಿ?